ಒಳನೀರು, ಹೊರನೀರು

ಮುಂಬೈಯಲ್ಲಿ ಫ್ರಿಜ್ಜಿನ ಹೊರಗೆ ನೀರು ಹೆಪ್ಪುಗಟ್ಟಿದ್ದನ್ನು ಕಂಡವರಿಲ್ಲ. ಈ ನಗರದ ದಾಖಲೆಯ ಚಳಿ 1962ರ ಜನವರಿ 22ರಂದು ಸಾಂತಾಕ್ರೂಜ್‌ನಲ್ಲಿ ಬಿದ್ದದ್ದು. ಅಂದೂ ಪಾದರಸ ಇಳಿದದ್ದು 7.4 ಡಿಗ್ರಿಯವರೆಗೆ ಮಾತ್ರ. ಹೀಗಿರುವಾಗ, ಮೈನಸ್ 37 ಡಿಗ್ರಿಯ ತನಕ ಹೆಪ್ಪುಗಟ್ಟುವುದಿಲ್ಲವೆಂಬ ಭರವಸೆಯನ್ನು ಮೈಮೇಲೆ ಅಚ್ಚು ಹಾಕಿಸಿಕೊಂಡ ಡಬ್ಬಿಗಳನ್ನು ಹಣ ತೆತ್ತು ತಂದು, ಜೂನ್ ತಿಂಗಳ ಸೆಕೆಯಲ್ಲಿ ಬೆವರಿಳಿಸುತ್ತ ಒಂದು ಹಾಯಿದೋಣಿಯ ಹೊಟ್ಟೆಯೊಳಗೆ ಇಳಿಸುತ್ತಿದ್ದ ನಮ್ಮ ನಾಲ್ವರನ್ನು ಕಂಡು ದೋಣಿಕಟ್ಟೆಯ ಕಾವಲುಗಾರ ನಕ್ಕದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಇಲ್ಲಿ ಹಿಮ ಬೀಳುವ ಸುದ್ದಿಯೇನಾದರೂ ಬಂದಿದೆಯೇ ಎಂದು ಆತ ಹಿಂದಿಯಲ್ಲಿ ವಿಚಾರಿಸಿದ.

ಪ್ರಶ್ನೆ ನಗೆಯದಾದರೂ ಉತ್ತರ ಗಂಭೀರವಾದದ್ದೇ. ಎಲ್ಲರೂ ಕೂಲೆಂಟ್ ಎನ್ನುವ, ನಮ್ಮ ಪಠ್ಯಪುಸ್ತಕಗಳು ಶೀತಕವೆಂದು ಕರೆದು ಕೈತೊಳೆದುಕೊಂಡ ಈ ದ್ರವದಲ್ಲಿ ಅರ್ಧ ನೀರು. ಮಿಕ್ಕರ್ಧದಲ್ಲಿ ಬಹುಪಾಲು ಎಥಿಲೀನ್ ಗ್ಲೈಕಾಲ್. ಕೊನೆಯ ಕೆಲವೇ ಅಂಶದಷ್ಟು ತುಕ್ಕುನಿರೋಧಕ ಪದಾರ್ಥಗಳು. ಹಿಮದ ದೇಶದವರಿಗೆ ಗ್ಲೈಕಾಲ್ ಮುಖ್ಯ, ನಮ್ಮಂಥವರಿಗೆ ಆ ಕೊನೆಯ ಕೆಲವು ಅಂಶಗಳೇ ಮುಖ್ಯ. ಎಂಜಿನ್ನಿನ ಒಡಲಲ್ಲಿ ಬೀಡುಕಬ್ಬಿಣ, ಅಲ್ಯೂಮಿನಿಯಂ, ತಾಮ್ರ, ಬೆಸುಗೆಯ ತವರ, ಇವೆಲ್ಲ ಒಂದೇ ನೀರಿನಲ್ಲಿ ಮಿಂದು ನಿಂತಿರುತ್ತವೆ. ಬೇರೆಬೇರೆ ಲೋಹಗಳು ಒಂದೇ ನೀರಿನಲ್ಲಿ ಕೂಡಿದರೆ ಅದೊಂದು ಬ್ಯಾಟರಿ. ಬಲಹೀನ ಲೋಹ ಕರಗುತ್ತ ಹೋಗುತ್ತದೆ. ಆ ಕರಗುವಿಕೆಯನ್ನು ತಡೆಯುವ ಪದಾರ್ಥಗಳು ತಾವೂ ಕರಗಿ ತೀರುವಂಥವು. ಹಳೆಯ ಕಾಲದ ಹಸಿರು ಕೂಲೆಂಟಿಗೆ ಎರಡು ವರ್ಷದ ಆಯುಸ್ಸು, ಸಾವಯವ ಆಮ್ಲಗಳಿಂದ ಮಾಡಿದ ಹೊಸ ಬಗೆಯದಕ್ಕೆ ಸುಮಾರು ಐದು ವರ್ಷ. ಎರಡನ್ನೂ ಬೆರೆಸಿದರೆ ಕೆಲವೊಮ್ಮೆ ರಾಗಿ ಅಂಬಲಿಯಂತೆ ಗಟ್ಟಿಯಾಗಿ ಸಣ್ಣ ಕೊಳವೆಗಳನ್ನು ಕಟ್ಟಿಬಿಡುವುದುಂಟು. ಬಣ್ಣ ನೋಡಿ ಬಗೆ ತಿಳಿಯುವಂತಿಲ್ಲ. ಹಸಿರು, ಕೆಂಪು, ಕಿತ್ತಳೆ, ನೀಲಿ ಎಲ್ಲವೂ ತಯಾರಕರ ಇಷ್ಟ. ಅದಕ್ಕೊಂದು ಸರ್ವಸಮ್ಮತ ನಿಯಮವಿಲ್ಲ. ಇನ್ನು ಗ್ಲೈಕಾಲೂ ಸೆಕೆಯೂರಿನಲ್ಲಿ ದಂಡವೇನಲ್ಲ. ಅರ್ಧಕ್ಕರ್ಧ ಬೆರೆಸಿದ ದ್ರವ 100ರ ಬದಲು ಸುಮಾರು 107 ಡಿಗ್ರಿಯಲ್ಲಿ ಕುದಿಯುತ್ತದೆ. ಒತ್ತಡದ ಮುಚ್ಚಳ ಹಾಕಿದರೆ ಇನ್ನೂ ಮೇಲೆ. ಇದನ್ನೆಲ್ಲ ಕಾವಲುಗಾರನಿಗೆ ವಿವರಿಸುವಷ್ಟರಲ್ಲಿ ಆತನಿಗೆ ಚಹಾ ಬಂದಿತ್ತು.

ಸುತ್ತ ಸಮುದ್ರವೇ ಇರುವಾಗ ದೋಣಿಯ ಎಂಜಿನ್ನಿಗೆ ಡಬ್ಬಿಯ ನೀರೇಕೆ ಎಂಬುದು ಇನ್ನೊಂದು ಪ್ರಶ್ನೆ. ಡೀಸೆಲ್ ಎಂಜಿನ್ನು ಉರಿಸಿದ ಎಣ್ಣೆಯ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ದೋಣಿಯನ್ನು ನೂಕುತ್ತದೆ. ಉಳಿದದ್ದರಲ್ಲಿ ಒಂದಿಷ್ಟು ಹೊಗೆಯ ಜೊತೆಗೆ, ಒಂದಿಷ್ಟು ನೀರಿನ ಜೊತೆಗೆ ಹೋಗಬೇಕು. ಸಮುದ್ರದ ನೀರನ್ನೇ ನೇರವಾಗಿ ಎಂಜಿನ್ನಿನ ಒಡಲಲ್ಲಿ ಹರಿಸುವ ದೋಣಿಗಳು ಮೊದಲು ಬಹಳ ಇದ್ದವು, ಈಗಲೂ ಇವೆ. ಆದರೆ 60 ಡಿಗ್ರಿಯ ಆಸುಪಾಸು ದಾಟಿತೆಂದರೆ ಉಪ್ಪುನೀರಿನ ಲವಣಗಳು ಒಳಗೋಡೆಗೆ ಸುಣ್ಣದಂತೆ ಕಚ್ಚಿಕೊಳ್ಳತೊಡಗುತ್ತವೆ. ಹಾಗೆಂದು ತಣ್ಣಗೆ ಓಡಿಸಿದರೆ ಎಂಜಿನ್ನಿಗೆ ಹಿತವಲ್ಲ, ಎಣ್ಣೆ ಸರಿಯಾಗಿ ಉರಿಯುವುದಿಲ್ಲ. ಆದ್ದರಿಂದ ಎರಡು ನೀರುಗಳ ಏರ್ಪಾಡು. ಒಳನೀರು ಎಂಜಿನ್ನಿನೊಳಗೇ ಸುತ್ತುತ್ತ ಬಿಸಿಯನ್ನು ಹೊತ್ತು ತರುತ್ತದೆ. ಹೊರನೀರು ದೋಣಿಯ ತಳದ ಕವಾಟದಿಂದ ಬಂದು, ಜಾಲರಿಯಲ್ಲಿ ಶೋಧಿಸಿಕೊಂಡು, ರಬ್ಬರಿನ ರೆಕ್ಕೆಗಳ ಪಂಪಿನಿಂದ ತಳ್ಳಿಸಿಕೊಂಡು, ಹೀಟ್ ಎಕ್ಸ್‌ಚೇಂಜರ್ ಎಂಬ ಉರುಳೆಯೊಳಗಿನ ಸಣ್ಣ ಸಣ್ಣ ಕೊಳವೆಗಳಲ್ಲಿ ಹಾದು, ಹೊಗೆಯೊಡನೆ ಕೂಡಿ ಹಿಂಬದಿಯಲ್ಲಿ ಉಗುಳಲ್ಪಡುತ್ತದೆ. ಆ ಉರುಳೆಯಲ್ಲಿ ಒಳನೀರು ಕೊಳವೆಗಳ ಹೊರಗೆ, ಹೊರನೀರು ಕೊಳವೆಗಳ ಒಳಗೆ. ಬಿಸಿ ಮಾತ್ರ ದಾಟುತ್ತದೆ. ನೀರು ನೀರನ್ನು ಮುಟ್ಟುವುದಿಲ್ಲ. (ಇಲ್ಲಿ ಹೊರನಾಡ ಕನ್ನಡಿಗರ ಬಗ್ಗೆ ರೂಪಕವೊಂದು ಬರಲಿದೆಯೆಂದು ಕಾದವರು ಕ್ಷಮಿಸಬೇಕು. ನಮ್ಮಲ್ಲೊಬ್ಬರು ಅದನ್ನು ದೋಣಿಯಲ್ಲಿಯೇ ಹೇಳಿ ನೋಡಿದರು. ಉಳಿದ ಮೂವರು ಅವರಿಗೆ ತಳದ ಕೊಳೆನೀರು ಎತ್ತುವ ಕೆಲಸ ಕೊಟ್ಟರು.)

ನಾವೆಂದರೆ ನಾಲ್ವರು. ಮೂವರು ಕೇಂದ್ರ ಸರಕಾರದ ನೌಕರರು, ಒಬ್ಬರು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವರು. ಒಂದು ಕನ್ನಡ ಸಂಘದ ಪುಸ್ತಕಭಂಡಾರದಲ್ಲಿ ಪರಿಚಯವಾಗಿ, ಕಾಲಾಂತರದಲ್ಲಿ 26 ಅಡಿ ಉದ್ದದ ಹಳೆಯ ಫೈಬರ್ ದೋಣಿಯೊಂದರಲ್ಲಿ ಕಾಲು ಕಾಲು ಪಾಲು ಹಾಕಿದವರು. ಹಾಯಿದೋಣಿ ಎಂದರೆ ಶ್ರೀಮಂತರ ಆಟವೆಂಬ ಭಾವನೆ ಇದೆ. ಹಳೆಯ ದೋಣಿಯ ಕಾಲು ಪಾಲು ಹೊಸ ಮೋಟಾರು ಸೈಕಲ್ಲಿಗಿಂತ ಬಹಳ ದೊಡ್ಡದೇನಲ್ಲ. ಖರ್ಚು ಇರುವುದು ಆಮೇಲೆ. ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳು, 1964ರ 18ನೆಯ ನಿಯಮದಂತೆ ಎರಡು ತಿಂಗಳ ಮೂಲವೇತನವನ್ನು ಮೀರಿದ ಚರಾಸ್ತಿಯ ವ್ಯವಹಾರವನ್ನು ಇಲಾಖೆಗೆ ತಿಳಿಸಬೇಕು. ನಮ್ಮ ಪೈಕಿ ಒಬ್ಬರ ಅರ್ಜಿಯನ್ನು ಹಿಡಿದ ಗುಮಾಸ್ತರು, ಇದು ಚರಾಸ್ತಿಯೇ ಎಂದು ಖಚಿತವೇ ಎಂದು ಕೇಳಿದರು. ಗಾಳಿಯಿದ್ದರೆ ಖಚಿತ ಎಂದದ್ದಕ್ಕೆ ಎಂಜಿನ್ ಇದೆಯೋ ಇಲ್ಲವೋ ಎಂದು ಬರವಣಿಗೆಯಲ್ಲಿ ಸ್ಪಷ್ಟೀಕರಣ ಬೇಡಿದರು.

ಎಂಜಿನ್ ಇತ್ತು. ಎರಡು ಸಿಲಿಂಡರಿನ ಪುಟ್ಟ ಯಾನ್ಮಾರ್. ಆ ಹೆಸರು ಬಂದದ್ದು ಏರೋಪ್ಲೇನ್ ಚಿಟ್ಟೆಗೆ ಜಪಾನೀಯರು ಇಟ್ಟ ಹೆಸರಿನಿಂದ. ಅವರಲ್ಲಿ ಅದು ಒಳ್ಳೆಯ ಬೆಳೆಯ ಶಕುನ. ಒಸಾಕಾದ ಯಾಮಾಓಕಾ ಮಾಗೋಕಿಚಿ ಎಂಬಾತ 1933ರಲ್ಲಿ ರೈತರ, ಬೆಸ್ತರ ಕೈಗೆಟುಕುವಷ್ಟು ಸಣ್ಣ ಡೀಸೆಲ್ ಎಂಜಿನ್ನನ್ನು ಮಾಡಿ ತೋರಿಸುವ ತನಕ ಡೀಸೆಲ್ ಎಂದರೆ ಕಾರ್ಖಾನೆಯಷ್ಟು ದೊಡ್ಡ ಸರಕು. ಆ ಸರಕಿಗೆ ಹೆಸರು ಕೊಟ್ಟ ರುಡಾಲ್ಫ್ ಡೀಸೆಲ್ 1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲಿಷ್ ಕಾಲುವೆ ದಾಟುತ್ತಿದ್ದ ಹಡಗಿನಿಂದ ಕಾಣೆಯಾದ. ಸಮುದ್ರದ ಸಾಹಿತ್ಯವನ್ನು ಪರೀಕ್ಷೆಗೆ ಓದಿದ ಇಂಗ್ಲಿಷ್ ಎಂ.ಎ. ಒಬ್ಬರು ನಮ್ಮ ನಡುವೆ ಇದ್ದಾರೆ. ಕೋಲ್‌ರಿಜ್, ಕಾನ್ರಾಡ್ ಎಲ್ಲರನ್ನೂ ಬರೆದು ಉತ್ತೀರ್ಣರಾದ ಮೇಲೂ ಎಂಜಿನ್‌ಕೋಣೆಯ ಬಗ್ಗೆ ಅವರಿಗೆ ನೆನಪಿದ್ದದ್ದು ಇದೇ ಊರಿನ ಜೆ.ಜೆ. ಕಲಾಶಾಲೆಯ ಆವರಣದಲ್ಲಿ 1865ರಲ್ಲಿ ಹುಟ್ಟಿದ ಕಿಪ್ಲಿಂಗನ ಒಂದು ಕವಿತೆ ಮಾತ್ರ. ಅದರಲ್ಲಿ ಮ್ಯಾಕ್‌ಆಂಡ್ರೂ ಎಂಬ ಸ್ಕಾಟಿಷ್ ಎಂಜಿನಿಯರ್ ಉಗಿಯಂತ್ರದ ಒಳಗೆ ದೇವರನ್ನು ಕಾಣುತ್ತಾನೆ. ನಮ್ಮ ಎಂಜಿನ್ನಿನ ಪೆಟ್ಟಿಗೆ ಎಷ್ಟು ಇಕ್ಕಟ್ಟೆಂದರೆ ಅದರಲ್ಲಿ ದೇವರಿದ್ದರೂ ಹಿಂದಿನ ಬೋಲ್ಟು ಬಿಚ್ಚಲು ಅವನೂ ತಲೆಕೆಳಗಾಗಿಯೇ ನಿಲ್ಲಬೇಕು.

ಕಳೆದ ಹಂಗಾಮಿನಲ್ಲಿ ಒಳನೀರು ಕಡಿಮೆಯಾಗುತ್ತಿರುವುದು ನಮ್ಮ ಲೆಕ್ಕದ ಪುಸ್ತಕದಲ್ಲಿಯೇ ಕಾಣತೊಡಗಿತ್ತು. ಪ್ರತಿ ಸಲ ಹೊರಡುವ ಮುನ್ನ ಮಟ್ಟ ನೋಡಿ ಬರೆಯುವ ಪದ್ಧತಿ ನಮ್ಮದು. ಡಿಸೆಂಬರಿನಲ್ಲಿ ಒಂದು ಲೋಟ, ಫೆಬ್ರವರಿಯಲ್ಲಿ ಎರಡು. ಹೊರಗೆಲ್ಲೂ ಸೋರಿಕೆಯ ಗುರುತಿಲ್ಲ. ಏಪ್ರಿಲ್ ತಿಂಗಳ ಒಂದು ಭಾನುವಾರ, ಕೊಲಾಬಾದ ತುದಿಯ ಪ್ರಾಂಗ್ಸ್ ದೀಪಸ್ತಂಭದ ದಕ್ಷಿಣಕ್ಕೆ, ಬೆಳಗಿನ ಗಾಳಿ ಪೂರ್ತಿ ಬಿದ್ದುಹೋಯಿತು. ಇಳಿತದ ಸೆಳೆತ ನಮ್ಮನ್ನು ಹೊರಸಮುದ್ರದ ಕಡೆಗೆ ಒಯ್ಯುತ್ತಿತ್ತು. ಎಂಜಿನ್ ಹಚ್ಚಿ ಇಪ್ಪತ್ತು ನಿಮಿಷವಾಗಿರಬಹುದು, ಬಿಸಿಯ ಎಚ್ಚರಿಕೆ ಕಿರುಚಿತು. ತಕ್ಷಣ ನಿಲ್ಲಿಸಿದೆವು. ಮುಂಬೈ ಬಂದರಿನ ಬಾಯಿಯಲ್ಲಿ ನಿಶ್ಶಕ್ತವಾಗಿ ತೇಲುವ ಅನುಭವವನ್ನು ಹೀಗೆ ವರ್ಣಿಸಬಹುದು: ನಾಲ್ಕು ಮಾಳಿಗೆಯ ಕಟ್ಟಡವೊಂದು ದೂರದಲ್ಲಿ ನಿಂತಿದೆ ಎಂದುಕೊಂಡಿರುತ್ತೀರಿ, ಹತ್ತು ನಿಮಿಷದ ಅನಂತರ ನೋಡಿದರೆ ಅದು ನಹಾವಾ ಶೇವಾಕ್ಕೆ ಹೊರಟ ಕಂಟೇನರ್ ಹಡಗು, ಮತ್ತು ಅದಕ್ಕೆ ನಿಮಗಾಗಿ ತಿರುಗಲು ಜಾಗವೂ ಇಲ್ಲ, ನಿಲ್ಲಲು ಬ್ರೇಕೂ ಇಲ್ಲ. ಕಾಲುವೆಯ ಅಂಚಿನ ಹೊರಗೆ ಲಂಗರು ಬಿಟ್ಟೆವು. ಅದು ಕಚ್ಚಿತು. ನಾವು ಯಾರೂ ಮಾತಾಡದೆ ಲಂಗರಿನ ಹಗ್ಗವನ್ನು ನೋಡುತ್ತ ಕುಳಿತೆವು. ಎಂಜಿನ್ ಪೂರ್ತಿ ಆರದೆ ಮುಚ್ಚಳ ತೆಗೆಯುವಂತಿಲ್ಲ; ಒತ್ತಡದಲ್ಲಿರುವ ದ್ರವ ಮುಚ್ಚಳ ಸಡಿಲವಾದೊಡನೆ ಕುದಿದು ಮುಖಕ್ಕೇ ಹಾರುತ್ತದೆ. ಮುಕ್ಕಾಲು ಗಂಟೆಯ ಬಳಿಕ ತೆಗೆದು ನೋಡಿದರೆ ತೊಟ್ಟಿಯ ತಳ ಕಾಣುತ್ತಿತ್ತು. ಕುಡಿಯುವ ನೀರಿನ ಬಾಟಲಿಗಳನ್ನು ಸುರಿದೆವು. ಅಷ್ಟರಲ್ಲಿ ಮಧ್ಯಾಹ್ನದ ಕಡಲಗಾಳಿ ಎದ್ದು, ಹಾಯಿಯ ಮೇಲೆಯೇ ಮನೆಗೆ ಬಂದೆವು.

ಅದಾದ ಎರಡೇ ವಾರಕ್ಕೆ ನಮ್ಮಲ್ಲೊಬ್ಬರಿಗೆ ಈಶಾನ್ಯಕ್ಕೆ ವರ್ಗಾವಣೆಯ ಆದೇಶ ಬಂತು. ಜುಲೈಯೊಳಗೆ ಹಾಜರಾಗಬೇಕು. ಹಿರಿಯ ಮಗಳಿಗೆ ಅದೇ ವರ್ಷ ಕಾಲೇಜು; ಅವರಿಗೆ ತಮ್ಮ ಪಾಲಿನ ಹಣ ಬೇಕಿತ್ತು. ಉಳಿದ ಮೂವರ ಕೈಯಲ್ಲಿ ಒಮ್ಮೆಗೇ ಕೊಡುವಷ್ಟು ಇರಲಿಲ್ಲ. ದೋಣಿಯನ್ನು ಮಾರುವುದೆಂದು ನಿಶ್ಚಯವಾಯಿತು. ದಲ್ಲಾಳಿಯೊಬ್ಬರು ಬಂದು, ಎಂಜಿನ್ ಪೆಟ್ಟಿಗೆ ತೆರೆದು, ತೊಟ್ಟಿಯೊಳಗಿನ ಕಂದುಬಣ್ಣದ ನೀರನ್ನು ನೋಡಿ ತುಟಿ ಕೊಂಕಿಸಿದರು. ಹಳೆಯದನ್ನು ಚೆಲ್ಲಿ ಹೊಸ ಹಸಿರು ಕೂಲೆಂಟ್ ತುಂಬಿ, ರಂಧ್ರ ಮುಚ್ಚುವ ಪುಡಿಯೊಂದು ಸಿಗುತ್ತದೆ ಅದನ್ನೂ ಒಂದು ಚಮಚ ಹಾಕಿ, ಗಿರಾಕಿಗೆ ಬಂದರಿನೊಳಗೆ ಅರ್ಧ ಗಂಟೆ ಓಡಿಸಿ ತೋರಿಸಿ ಎಂಬುದು ಅವರ ಸಲಹೆ. "ತೊಟ್ಟಿಯಲ್ಲಿ ಹಸಿರು ಕಂಡರೆ ಮುಂದೆ ಯಾರೂ ಕೇಳುವುದಿಲ್ಲ" ಎಂದರು. ಅರ್ಧ ಗಂಟೆಯಲ್ಲಿ ಮಟ್ಟ ಎಷ್ಟು ತಾನೇ ಇಳಿದೀತು? ಅವರು ಹೇಳಿದ್ದು ಸುಳ್ಳೂ ಆಗಿರಲಿಲ್ಲ. ಹೊಸ ಕೂಲೆಂಟಿನಷ್ಟು ಆರೋಗ್ಯವಂತವಾಗಿ ಕಾಣುವ ವಸ್ತು ದೋಣಿಯಲ್ಲಿ ಮತ್ತೊಂದಿಲ್ಲ.

ಈ ವಿಷಯದಲ್ಲಿ ನಮ್ಮೊಳಗೆ ಎರಡು ಮತಗಳಾದವು, ಮತ್ತು ಅವು ಸುಲಭದಲ್ಲಿ ಒಂದಾಗಲಿಲ್ಲ. ಹಳೆಯ ದೋಣಿಯನ್ನು ಕೊಳ್ಳುವವನು ತಾನೇ ನೋಡಿ ಕೊಳ್ಳಬೇಕು, ನಾವು ಕೊಂಡಾಗ ನಮಗೆ ಯಾರು ಏನು ಹೇಳಿದರು ಎಂಬುದು ಒಂದು. ಪ್ರಾಂಗ್ಸ್‌ನ ಬಳಿ ಆ ಹಗ್ಗವನ್ನು ನೋಡುತ್ತ ಕುಳಿತವರು ಇನ್ನೊಬ್ಬರನ್ನು ಅಲ್ಲಿ ಕೂರಿಸಬಾರದು ಎಂಬುದು ಇನ್ನೊಂದು. ಮಾತು ಸಾಹಿತ್ಯಗೋಷ್ಠಿಯ ಸೌಜನ್ಯವನ್ನು ಮೀರಿತು. ಮಗಳ ಶುಲ್ಕದ ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡವರ ಎದುರಿಗೆ ನೀತಿ ಮಾತಾಡುವುದು ಎಷ್ಟು ಅಗ್ಗದ ಕೆಲಸವೆಂದು ನಮಗೆ ಗೊತ್ತಿತ್ತು. ಕೊನೆಗೆ ಒಪ್ಪಂದವಾದದ್ದು ಇಷ್ಟಕ್ಕೆ: ಮೊದಲು ನೀರು ಇಳಿಸಿ ನೋಡೋಣ, ಏನಿದೆಯೆಂದು ತಿಳಿಯಲಿ, ಹೇಳುವ ಬಿಡುವ ಮಾತು ಆಮೇಲೆ.

ಮೇ ಕೊನೆಯ ವಾರ ದೋಣಿಯನ್ನು ಮಳೆಗಾಲಕ್ಕೆ ದಡಕ್ಕೆಳೆದು ಮರದ ಆಸರೆಗಳ ಮೇಲೆ ನಿಲ್ಲಿಸಿದ್ದಾಗಿತ್ತು. ಎಂಜಿನ್ನಿನ ಕೆಲಸಕ್ಕೆ ನಾವು ಕರೆಯುವ ಮೇಸ್ತ್ರಿಗಳು ಉಡುಪಿ ಕಡೆಯ ಮೊಗವೀರರು. ಅವರ ತಂದೆ ರಂಪಣಿ ಬಲೆಯವರು. ಒಂದು ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ಆ ಬಲೆ, 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ಕೆಲವೇ ವರ್ಷಗಳಲ್ಲಿ ಬಡವಾಯಿತು. ಇವರು ಹದಿನೈದರ ಹುಡುಗನಾಗಿ ಸಸೂನ್ ಡಾಕಿಗೆ ಬಂದು ಎಂಜಿನ್ ಕಲಿತರು. ತಂದೆಯ ಬಲೆಯನ್ನು ಮುಳುಗಿಸಿದ ಎಂಜಿನ್ನಿನಲ್ಲಿಯೇ ಅನ್ನ ಹುಟ್ಟಿತೆಂಬುದನ್ನು ಅವರು ಹೇಳುವಾಗ ದನಿಯಲ್ಲಿ ಏರಿಳಿತವೇ ಇರುವುದಿಲ್ಲ. ನಮ್ಮ ಗ್ಲೈಕಾಲಿನ ಬಗ್ಗೆ ಅವರಿಗೆ ಗೌರವವಿಲ್ಲ. "ಎಂಥ ಕೂಲೆಂಟ್ ಮಾರಾಯ್ರೆ, ನಮ್ಮ ಬೋಟುಗಳಿಗೆಲ್ಲ ಬಾವಿ ನೀರೇ ಹಾಕುವುದು. ಎಂಜಿನ್ ಕೆಟ್ಟರೆ ಬೇರೆ ಎಂಜಿನ್. ನಿಮ್ಮದು ಸಾಕಿದ ಮಗು, ನೀವು ಹಾಕಿ."

ತಣ್ಣಗಿದ್ದ ಎಂಜಿನ್ನಿನ ಮುಚ್ಚಳ ತೆಗೆದು, ಒಡಲಿನ ಪಕ್ಕದ ಬಿರಡೆಯನ್ನು ತಿರುಗಿಸಿದರೆ ಒಂದು ತೊಟ್ಟೂ ಬರಲಿಲ್ಲ. ಕೆಸರು ಕಟ್ಟಿತ್ತು. ಮೇಸ್ತ್ರಿಗಳು ಸೈಕಲ್ ಚಕ್ರದ ಕಡ್ಡಿಯೊಂದನ್ನು ಒಳಗೆ ಆಡಿಸಿದೊಡನೆ ಮೊದಲು ಕಾಫಿಯ ಗಸಿಯಂಥದ್ದು, ಅನಂತರ ಚಹಾದಂಥದ್ದು ಬಾಂಡಲಿಗೆ ಬಿತ್ತು. ಹೀಟ್ ಎಕ್ಸ್‌ಚೇಂಜರಿನ ತಳದ ಬಿರಡೆಯಿಂದ ಉಳಿದದ್ದು. ಒಟ್ಟು ಎರಡೂವರೆ ಲೀಟರಿಗೆ ತುಸು ಹೆಚ್ಚು. ಹಿಡಿಯಬೇಕಾದದ್ದು ಮೂರಕ್ಕೂ ಮೇಲೆ. ಅಲ್ಲೇ ಇದ್ದ ರಸಾಯನಶಾಸ್ತ್ರದವರು ಚೀಲದಿಂದ ಎರಡು ಪ್ರನಾಳಗಳನ್ನು ತೆಗೆದರು. ಒಂದಕ್ಕೆ ಹಳೆಯ ಕೂಲೆಂಟ್, ಇನ್ನೊಂದಕ್ಕೆ ಡಬ್ಬಿಯ ಹೊಸದು. ಎರಡಕ್ಕೂ ಸಾರರಿಕ್ತ ನೈಟ್ರಿಕ್ ಆಮ್ಲದ ಕೆಲವು ಹನಿ, ಮೇಲೆ ಸಿಲ್ವರ್ ನೈಟ್ರೇಟ್. ಪಿ.ಯು.ಸಿ. ಪ್ರಯೋಗಾಲಯದಲ್ಲಿ ಕ್ಲೋರೈಡು ಪತ್ತೆ ಮಾಡಿದ ಎಲ್ಲರಿಗೂ ಇದು ನೆನಪಿರಬೇಕು. ಹೊಸದು ತುಸು ಮಬ್ಬಾಯಿತು, ಅಷ್ಟೆ. ಹಳೆಯದರಲ್ಲಿ ಮೊಸರು ಒಡೆದಂತೆ ಬಿಳಿಯ ಗಸಿ ನಿಂತಿತು. ಒಳನೀರಿನಲ್ಲಿ ಸಮುದ್ರವಿತ್ತು.

ಅದು ಹೇಗೆ ಬಂತೆಂಬುದು ಕುತೂಹಲದ ಸಂಗತಿ. ಎಂಜಿನ್ ಬಿಸಿಯಾಗಿ ಓಡುವಾಗ ಒಳನೀರಿನ ಒತ್ತಡವೇ ಹೆಚ್ಚು. ಆಗ ಕೂಲೆಂಟ್ ತೂತಿನಿಂದ ಹೊರನೀರಿಗೆ ಸೇರಿ, ಹೊಗೆಯೊಡನೆ ಸಮುದ್ರಕ್ಕೆ ಹೋಗುತ್ತದೆ. ಹಾಗಾಗಿ ದೋಣಿಯೊಳಗೆ ಎಲ್ಲಿ ಹುಡುಕಿದರೂ ಒದ್ದೆಯಿಲ್ಲ. ಎಂಜಿನ್ ಆರುವಾಗ ಒಳಗಿನ ದ್ರವ ಕುಗ್ಗುತ್ತದೆ, ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗುತ್ತದೆ. ಆಗ ಅದೇ ತೂತು ಉಪ್ಪುನೀರನ್ನು ಒಳಗೆ ಹೀರುತ್ತದೆ. ಓಡುವಾಗ ಕೊಡುವುದು, ನಿಂತಾಗ ತೆಗೆದುಕೊಳ್ಳುವುದು. ಬರೀ ಕೂಲೆಂಟ್ ಬದಲಿಸಿ ಮಾರಿದ್ದರೆ ಹೊಸ ಹಸಿರಿನೊಳಗೂ ಆರು ತಿಂಗಳಲ್ಲಿ ಉಪ್ಪು ಸೇರಿ, ಒಳಗಿನ ಅಲ್ಯೂಮಿನಿಯಂ ತಿನ್ನಿಸಿಕೊಳ್ಳುತ್ತಿತ್ತು. ರಂಧ್ರ ಮುಚ್ಚುವ ಪುಡಿಯ ಬಗ್ಗೆ ಮೇಸ್ತ್ರಿಗಳ ಅಭಿಪ್ರಾಯ ಕೇಳಿದೆವು. "ಅದು ತೂತನ್ನೂ ಮುಚ್ತದೆ, ತೂತಲ್ಲದ್ದನ್ನೂ ಮುಚ್ತದೆ" ಎಂದರು.

ಉರುಳೆಯ ಎರಡೂ ಕಡೆಯ ಮುಚ್ಚಳ ಬಿಚ್ಚಿ ಕೊಳವೆಗಳ ಕಟ್ಟನ್ನು ಹೊರಗೆಳೆದದ್ದು ಅರ್ಧ ದಿನದ ಕೆಲಸ. ಬಿಡಿಭಾಗ ತರಿಸಲು ವಿಚಾರಿಸಿದರೆ ಬೆಲೆ ನಮ್ಮಲ್ಲೊಬ್ಬರ ಒಂದು ತಿಂಗಳ ಸಂಬಳದ ಹತ್ತಿರ, ಬರಲು ಎರಡು ತಿಂಗಳು. ಮೇಸ್ತ್ರಿಗಳು ಸೈಕಲ್ ಅಂಗಡಿಯವರು ಪಂಕ್ಚರ್ ನೋಡುವ ರೀತಿಯನ್ನೇ ಇಲ್ಲಿಗೂ ತಂದರು. ಕಟ್ಟಿನ ಹೊರಬದಿಯ ಕೋಣೆಯನ್ನು ರಬ್ಬರಿನಿಂದ ಬಿಗಿದು, ಕೈಪಂಪಿನಿಂದ ಗಾಳಿ ಕೊಟ್ಟು, ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದರು. ಒಂದೇ ಒಂದು ಕೊಳವೆಯ ಬಾಯಿಂದ ಸಾಸಿವೆಯಷ್ಟು ಗುಳ್ಳೆಗಳು ಸಾಲಾಗಿ ಎದ್ದವು. ಆ ಕೊಳವೆಯ ಎರಡೂ ಬಾಯಿಗಳಿಗೆ ಬೆಣೆ ಬಡಿದು ಬೆಸುಗೆ ಹಾಕಿದರು. ಇಪ್ಪತ್ತಕ್ಕೂ ಹೆಚ್ಚು ಕೊಳವೆಗಳಲ್ಲಿ ಒಂದು ಹೋದರೆ ತಂಪಿಗೆ ಹೇಳುವಂಥ ಕೊರತೆಯಿಲ್ಲ. ಹಡಗಿನ ದೊಡ್ಡ ಯಂತ್ರಗಳಲ್ಲೂ ನಡೆಯುವ ಒಪ್ಪಿತವಾದ ರೂಢಿಯಿದು. ಮತ್ತೆ ಮುಳುಗಿಸಿದಾಗ ನೀರು ನಿಶ್ಚಲವಾಗಿತ್ತು. ಉಪ್ಪುನೀರಿನ ಭಾಗದಲ್ಲಿ ಬಲಿಗೆಂದೇ ಇಟ್ಟ ಸತುವಿನ ತುಂಡು, ತಿಂದು ಮುಗಿದ ಪೆಪ್ಪರಮಿಂಟಿನಷ್ಟು ಉಳಿದಿತ್ತು, ಅದನ್ನೂ ಬದಲಿಸಿದೆವು. ಥರ್ಮೋಸ್ಟಾಟನ್ನು ದಾರ ಕಟ್ಟಿ, ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು, ಒಲೆಯ ಮೇಲಿಟ್ಟು, ತಾಪಮಾಪಕ ಹಿಡಿದು ಕುಳಿತೆವು. ಮೈಮೇಲೆ ಕೊರೆದಿದ್ದ 71 ಡಿಗ್ರಿಯ ಹತ್ತಿರ ಅದು ಹೂವಿನಂತೆ ತೆರೆದುಕೊಂಡಿತು. ಅಷ್ಟು ಮಾತಾಡುವ ನಾವು ಅಂದು ಚಪ್ಪಾಳೆ ತಟ್ಟಿದ್ದು ಇದಕ್ಕೆ ಮಾತ್ರ.

ಬಾಂಡಲಿಯಲ್ಲಿದ್ದ ಹಳೆಯದನ್ನು ಏನು ಮಾಡುವುದೆಂಬ ಪ್ರಶ್ನೆ ಆಮೇಲೆ ಎದ್ದಿತು. ಅಲ್ಲಿಯ ರೂಢಿ ಸಮುದ್ರಕ್ಕೆ ಚೆಲ್ಲುವುದು. "ಇಷ್ಟು ದೊಡ್ಡ ಸಮುದ್ರ ಉಂಟು. ಮೂರು ಲೀಟರಿನಿಂದ ಎಂಥ ಆಗ್ತದೆ?" ಎಂದರು ಮೇಸ್ತ್ರಿಗಳು. ಅವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಗ್ಲೈಕಾಲ್ ನೀರಿನಲ್ಲಿ ಸೂಕ್ಷ್ಮಜೀವಿಗಳಿಗೆ ಆಹಾರವಾಗಿ ಬಹುಬೇಗ ಒಡೆದುಹೋಗುವ ವಸ್ತು. ಈ ಬಂದರು ಪ್ರತಿದಿನ ನುಂಗುವುದರ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಇಳಿತದ ಹೊತ್ತಿನಲ್ಲಿ ಆ ದೋಣಿಕಟ್ಟೆಯ ಕೆಳಗೆ ಸಮುದ್ರವಿರುವುದಿಲ್ಲ. ಕೆಸರು, ಕೆಸರಿನಲ್ಲಿ ಸಣ್ಣ ಹೊಂಡಗಳು ಇರುತ್ತವೆ. ಅಲ್ಲಿಯ ಕಂದು ನಾಯಿ ಆಗ ನಾಲ್ಕು ಮರಿ ಹಾಕಿತ್ತು.

ಎಥಿಲೀನ್ ಗ್ಲೈಕಾಲಿನ ರುಚಿ ಸಿಹಿ. ಗ್ಲೈಕಾಲ್ ಎಂಬ ಹೆಸರಿನ ಮೊದಲರ್ಧವೇ ಸಿಹಿಯೆಂಬ ಗ್ರೀಕ್ ಮಾತಿನ ವಂಶದ್ದು. ನಾಯಿ, ಬೆಕ್ಕು, ಮಕ್ಕಳು ಯಾರು ನೆಕ್ಕಿದರೂ ಮೊದಲು ಅಮಲು, ಒಂದಿಷ್ಟು ಚೇತರಿಕೆಯಂತೆ ಕಾಣುವುದು, ಅನಂತರ ಮೂತ್ರಪಿಂಡದ ಸೋಲು. ದೇಹ ಅದನ್ನು ಆಕ್ಸಾಲಿಕ್ ಆಮ್ಲವಾಗಿಸುತ್ತದೆ. ಅದು ಸುಣ್ಣದಂಶದೊಡನೆ ಕೂಡಿ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ಇದರ ಸೋದರ ವಸ್ತು ಡೈಎಥಿಲೀನ್ ಗ್ಲೈಕಾಲ್ ಮುಂಬೈಗೆ ಅಪರಿಚಿತವಲ್ಲ. 1986ರಲ್ಲಿ ಜೆ.ಜೆ. ಆಸ್ಪತ್ರೆಯಲ್ಲಿ ಅದು ಬೆರೆತ ಗ್ಲಿಸರಿನ್ನನ್ನು ಔಷಧವೆಂದು ಪಡೆದ 14 ರೋಗಿಗಳು ಸತ್ತರು. ನ್ಯಾಯಮೂರ್ತಿ ಲೆಂಟಿನ್ ಆಯೋಗ ಅದರ ವಿಚಾರಣೆ ನಡೆಸಿತು. ಅಮೆರಿಕದಲ್ಲಿ 1937ರಲ್ಲಿ ಅದೇ ವಸ್ತುವಿನಲ್ಲಿ ಕರಗಿಸಿದ ಸಲ್ಫಾ ಔಷಧ ನೂರಕ್ಕೂ ಹೆಚ್ಚು ಜನರನ್ನು ಕೊಂದು, ಮರುವರ್ಷ ಆ ದೇಶದ ಔಷಧ ಕಾನೂನಿಗೆ ಕಾರಣವಾಯಿತು. 2022ರಲ್ಲಿ ಗಾಂಬಿಯಾದ ಎಳೆಯ ಮಕ್ಕಳ ಕೆಮ್ಮಿನ ಔಷಧದಲ್ಲಿ ಪತ್ತೆಯಾದದ್ದು ಇವೇ ಎರಡು. ಕಚೇರಿಯಲ್ಲಿ ಕಡತಗಳ ನಡುವೆ ಬದುಕುವ ನಮಗೆ ಒಂದು ಸಂಗತಿ ಬಹಳ ಕಾಡುತ್ತದೆ. ಇಂಥ ಪ್ರತಿಯೊಂದು ಸಾವಿನ ಹಿಂದೆಯೂ ಪರೀಕ್ಷೆ ಮಾಡದೆ ಹಾಕಿದ ಒಂದು ಸಹಿ ಇರುತ್ತದೆ.

ಮೇಸ್ತ್ರಿಗಳು ಇದನ್ನೆಲ್ಲ ಕೇಳಿ, ಏನೂ ಹೇಳದೆ, ಬಾಂಡಲಿಯನ್ನು ಎತ್ತಿ ನಾಯಿಗೆ ಎಟುಕದ ಹಲಗೆಯ ಮೇಲಿಟ್ಟರು. ಐದು ಲೀಟರಿನ ಡಬ್ಬಿಯೊಂದಕ್ಕೆ ಸುರಿದು, ಕಟ್ಟೆಯಲ್ಲಿ ಕೆಲಸ ಮಾಡುವವರಿಗೆ ತಿಳಿಯಲೆಂದು 'ಝಹರ್' ಎಂದು ದೇವನಾಗರಿಯಲ್ಲಿಯೂ, ನಮ್ಮ ಸಮಾಧಾನಕ್ಕೆ 'ವಿಷ' ಎಂದು ಕನ್ನಡದಲ್ಲಿಯೂ ಬರೆದು, ಓದು ಬಾರದವರಿಗಾಗಿ ತಲೆಬುರುಡೆ ಬಿಡಿಸಿದೆವು. ಬುರುಡೆ ಗಣಪತಿಯಂತೆ ಬಂದಿತ್ತು. ಎರಡು ಮೂಳೆ ಸೇರಿಸಿದ ಮೇಲೆ ಸರಿಹೋಯಿತು.

ಒಡಲನ್ನು ಶುದ್ಧ ನೀರಿನಿಂದ ನಾಲ್ಕು ಸಲ ತೊಳೆದೆವು. ಮುಂಬೈಯ ಕೆರೆನೀರು ಮೃದು, ಅದನ್ನೇ ಬೆರೆಸಬಹುದೆಂಬ ವಾದವೂ ನಡೆಯಿತು. ನಲ್ಲಿನೀರಿನಲ್ಲೂ ಕ್ಲೋರೈಡು ಇದ್ದೇ ಇರುತ್ತದೆಂದು ರಸಾಯನಶಾಸ್ತ್ರದವರು ಪ್ರನಾಳ ಎತ್ತಿ ಹೆದರಿಸಿದ್ದರಿಂದ ಬ್ಯಾಟರಿಗೆ ಹಾಕುವ ಭಟ್ಟಿಯಿಳಿಸಿದ ನೀರನ್ನೇ ತಂದೆವು. ಸಮಸಮ ಬೆರೆಸಿ, ನಿಧಾನವಾಗಿ ಸುರಿಯಬೇಕು; ಅವಸರ ಮಾಡಿದರೆ ಗಾಳಿ ಮೂಲೆಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಗಾಳಿ ಸಿಕ್ಕಿದ ಕಡೆ ಲೋಹ ಒಣಗಿ ಕಾಯುತ್ತದೆ. ಮೇಸ್ತ್ರಿಗಳು ರಬ್ಬರ್ ಪೈಪುಗಳನ್ನು ಹಸುವಿನ ಕೆಚ್ಚಲಿನಂತೆ ಹಿಂಡುತ್ತ ಹೋದರು, ತೊಟ್ಟಿಯಲ್ಲಿ ಗುಳ್ಳೆಗಳು ಗುಳುಗುಳು ಎಂದವು. ದಡದ ಮೇಲಿನ ದೋಣಿಗೆ ಹೊರನೀರಿಲ್ಲವಾದ್ದರಿಂದ, ಪಂಪಿನ ಪೈಪನ್ನು ದೊಡ್ಡ ಬಕೆಟ್ಟಿಗೆ ಇಳಿಸಿ, ಇಬ್ಬರು ಕೊಡಗಳಿಂದ ನೀರು ತುಂಬುತ್ತಿದ್ದಂತೆ ಎಂಜಿನ್ ಹಚ್ಚಿದೆವು. ಥರ್ಮೋಸ್ಟಾಟ್ ತೆರೆದ ಕ್ಷಣ ತೊಟ್ಟಿಯ ಮಟ್ಟ ಒಮ್ಮೆಗೇ ಕುಸಿಯಿತು. ಅದುವರೆಗೆ ಅಡಗಿದ್ದ ಗಾಳಿ ಹೊರಬಿದ್ದ ಲಕ್ಷಣ. ಮತ್ತೆ ತುಂಬಿದೆವು. ಮಾರನೆಯ ದಿನ ತಣ್ಣಗಾದ ಮೇಲೆ ನೋಡಿ ಇನ್ನೊಂದು ಲೋಟ. ಅದರ ಮರುದಿನ ಮಟ್ಟ ಕದಲಿರಲಿಲ್ಲ.

ಗಿರಾಕಿಗಳು ಬಂದದ್ದು ಜೂನ್ ಎರಡನೆಯ ವಾರ, ಪುಣೆಯ ದಂಪತಿ. ತೊಟ್ಟಿಯ ಹಸಿರನ್ನು ನೋಡಿ ಇಬ್ಬರೂ ತಲೆದೂಗಿದರು. ದಲ್ಲಾಳಿಯ ಮುಖದಲ್ಲಿ ನೆಮ್ಮದಿ ಕಂಡಿತು. ಯಾರು ಹೇಳಬೇಕೆಂದು ನಾವು ನಿಶ್ಚಯಿಸಿರಲಿಲ್ಲ. ಹೇಳಬೇಕೋ ಬೇಡವೋ ಎಂಬುದೂ ಬಾಯಿಬಿಟ್ಟು ತೀರ್ಮಾನವಾಗಿರಲಿಲ್ಲ. ವರ್ಗಾವಣೆಯಾದವರೇ ಮುಂದೆ ಬಂದು, ಬೆಣೆ ಹಾಕಿದ ಕೊಳವೆಯ ಬಗ್ಗೆ, ಏಪ್ರಿಲ್ ತಿಂಗಳ ಆ ಭಾನುವಾರದ ಬಗ್ಗೆ, ಮಟ್ಟ ಬರೆದಿಟ್ಟ ಪುಸ್ತಕವನ್ನೂ ತೆರೆದು, ಲೆಕ್ಕಪರಿಶೋಧನೆಗೆ ಉತ್ತರ ಕೊಡುವ ಧಾಟಿಯಲ್ಲಿ ಒಂದೊಂದಾಗಿ ಹೇಳಿದರು. ದಂಪತಿ ಬಹಳ ವಿನಯದಿಂದ ಕೇಳಿಸಿಕೊಂಡರು, ವಿಚಾರಿಸಿ ತಿಳಿಸುತ್ತೇವೆಂದರು, ತಿಳಿಸಲಿಲ್ಲ. ದಲ್ಲಾಳಿ ನಮ್ಮ ಕರೆಗಳನ್ನು ಎತ್ತುವುದನ್ನು ಬಿಟ್ಟರು. ಶುಲ್ಕಕ್ಕೆ ನಮ್ಮ ಸ್ನೇಹಿತರು ಭವಿಷ್ಯನಿಧಿಯಿಂದ ಹಣ ತೆಗೆದರು. ಅವರ ಪಾಲನ್ನು ಉಳಿದ ಮೂವರು ಹದಿನೆಂಟು ಕಂತುಗಳಲ್ಲಿ ತೀರಿಸುತ್ತಿದ್ದೇವೆ. ಇದನ್ನು ಬರೆಯುವ ಹೊತ್ತಿಗೆ ಏಳು ಕಂತು ಸಂದಿದೆ, ಮಟ್ಟ ಈವರೆಗೆ ಒಂದು ಬೆರಳೂ ಇಳಿದಿಲ್ಲ.

ವಿಷದ ಡಬ್ಬಿಯ ವಿಲೇವಾರಿ ಮಾತ್ರ ಎಂಜಿನ್ನಿಗಿಂತ ಹೆಚ್ಚು ದಿನ ತೆಗೆದುಕೊಂಡಿತು. ಹಳೆಯ ಎಣ್ಣೆ ಕೊಳ್ಳುವವರು ಎಣ್ಣೆ ಮಾತ್ರ ಕೊಳ್ಳುತ್ತಾರೆ. ಒಂದು ಗ್ಯಾರೇಜಿನವರು ಸಂತೋಷದಿಂದ ಒಪ್ಪಿಕೊಂಡು, ನಮ್ಮ ಕಣ್ಣೆದುರೇ ಚರಂಡಿಯ ಜಾಲರಿಯ ಮೇಲೆ ಮುಚ್ಚಳ ತೆಗೆಯಹೊರಟಾಗ ಡಬ್ಬಿಯನ್ನು ಹಿಂದಕ್ಕೆ ಪಡೆದೆವು. ಅದು ವರ್ಗಾವಣೆಯಾದವರ ಸರಕಾರಿ ವಸತಿಯ ಅಟ್ಟದ ಮೇಲೆ ಒಂದು ತಿಂಗಳು ಕುಳಿತಿತು. ಸಾಮಾನು ಸಾಗಿಸುವವರು ಅದನ್ನು ಮುಟ್ಟಲಿಲ್ಲ. ಮನೆ ಖಾಲಿಯಾಗಿದೆಯೆಂದು ಬರೆದುಕೊಡಬೇಕಾದ ಮೇಲ್ವಿಚಾರಕರು ಗಣಪತಿಯಂಥ ಬುರುಡೆಯನ್ನು ನೋಡಿ ಬಹಳ ಹೊತ್ತು ಸಹಿ ಹಾಕಲಿಲ್ಲ. ಕಡೆಗೆ ರಸಾಯನಶಾಸ್ತ್ರದವರು ಅದನ್ನು ತಮ್ಮ ಕಾಲೇಜಿನ ಪ್ರಯೋಗಾಲಯಕ್ಕೆ ಒಯ್ದು, ತ್ಯಾಜ್ಯ ರಾಸಾಯನಿಕಗಳ ಕೋಣೆಯಲ್ಲಿ ಪ್ರಾಂಶುಪಾಲರ ಅನುಮತಿ ಪಡೆದು ಇರಿಸಿದರು. ಅಲ್ಲಿಯ ದಾಖಲೆ ಪುಸ್ತಕದಲ್ಲಿ ವಸ್ತು, ಪ್ರಮಾಣ, ದಿನಾಂಕಗಳ ಅನಂತರ 'ಬಂದ ವಿಭಾಗ' ಎಂಬ ಅಂಕಣವಿದೆ. ಭೌತಶಾಸ್ತ್ರ, ಜೀವಶಾಸ್ತ್ರ ಎಂದು ಸಾಲಾಗಿ ತುಂಬಿದ್ದ ಆ ಅಂಕಣದಲ್ಲಿ ಅವರು 'ಹಾಯಿದೋಣಿ' ಎಂದು ಬರೆದು ಬಂದಿದ್ದಾರೆ.